ಆಯಿ ತೋರಿಸಿದ ಹಾಸುಬಂಡೆ

ಕಳೆದ ವಾರ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಒಣಮೆಣಸಿನಕಾಯಿ ಚೀಲವನ್ನು ನನ್ನ ಪಕ್ಕದಲ್ಲೇ ಇಳಿಸಿದರು. ಘಾಟು ಮೂಗಿಗೇರಿತು. ನಾಲ್ಕು ಸಲ ಸೀನಿದೆ. ಐದನೆಯದಕ್ಕೆ ಆಯಿ ನೆನಪಾದಳು...

ಊರೆಲ್ಲ ಆಯಿ ಎಂದೇ ಕರೆಯುತ್ತಿದ್ದ ಮುದುಕಿ. ಬಾದಾಮಿ ಹತ್ತಿರದ ಚೊಳಚಗುಡ್ಡ ಊರಿನ ಆಚೆ, ಕೆಂಪು ಗುಡ್ಡದ ಬುಡದಲ್ಲಿ ಆಕೆಯ ಹೊಲ. ಕರೆಂಟಿನ ಕಂಬ ಅತ್ತ ಮುಖ ಹಾಕಿರಲಿಲ್ಲ. ಅಂಥಲ್ಲಿ ಒಂದು ಎಕರೆ ದಾಳಿಂಬೆ ಹಚ್ಚುವ ಹಟ ಹಿಡಿದಿದ್ದಳು. ಮುದುಕಿಗೆ ಅರಳುಮರಳು ಎಂದು ಊರು ನಕ್ಕಿತ್ತು. ಬೋರ್‌ವೆಲ್ಲಿಗೆ ಸೋಲಾರ್ ಪಂಪು ಕೂಡಿಸುವುದು, ಆ ಕಸುಬಿಗೆ ಹೊಸಬನಾಗಿದ್ದ ನನ್ನ ಪಾಲಿಗೆ ಬಂತು. ನಾನೇ ಲೆಕ್ಕ ಹಾಕಿದ ಮೊದಲ ಕೆಲಸ. ಬ್ಯಾಟರಿ ಇಲ್ಲ, ಬಿಸಿಲಿದ್ದಷ್ಟು ಹೊತ್ತು ನೀರು.

ಬೇಸಿಗೆಯಲ್ಲಿ ಹೋಗಿ, ವೈರು ಉಳಿಯಲೆಂದು ಬೋರಿನ ಬಗಲಿಗೇ ಪ್ಯಾನೆಲ್‌ಗಳಿಗೆ ಗುರುತು ಹಾಕಿದೆ.

“ಇಲ್ಲಿ ಬ್ಯಾಡೋ ತಮ್ಮಾ. ಆ ಹಾಸುಬಂಡಿ ಮ್ಯಾಲ ಕೂಡ್ಸು, ನಾ ಮೆಣಸಿನಕಾಯಿ ಒಣಹಾಕೋ ಜಾಗಾದಾಗ.”

“ಆಯಿ, ನೀವು ರೊಟ್ಟಿ ಬಡೀರಿ. ಬಿಸಲಿನ ಲೆಕ್ಕ ನನಗ ಬಿಡ್ರಿ.”

“ಆತು ಬಿಡಪಾ. ಸೂರ್ಯಾಗೂ ನೀನ ಹೇಳಿ ಬಾ.”

ಗುರುತು ಹಾಕಿದಲ್ಲೇ ಪ್ಯಾನೆಲ್ ಕೂಡಿಸಿದೆ. ಮಳೆಗಾಲಕ್ಕೆ ಆಯಿ ಸಸಿ ಹಚ್ಚಿದಳು, ಚಿಗುರಿದವು. ಪುಷ್ಯ ಮಾಸದ ಚಳಿಯಲ್ಲಿ ಆಕೆಯ ಫೋನು ಬಂತು: “ನಿನ್ನ ಸೂರ್ಯ ಹಗಲಾಗ ಮಕ್ಕೊಂಡಾನ. ಬಂದು ಎಬ್ಬಸು.”

ಓಡಿದೆ. ಮೂರು ಗಂಟೆಗೆಲ್ಲ ಗುಡ್ಡದ ನೆರಳು ಪ್ಯಾನೆಲ್ ಮೇಲೆ; ಪಂಪು ಸ್ತಬ್ಧ. ನೀರು ಮುಟ್ಟದ ಕೊನೆಯ ಸಾಲುಗಳಲ್ಲಿ ಎಲೆಗಳು ಮುದುಡಿದ್ದವು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದನ್ನು ಕಾಗದದ ಮೇಲೆ ಬರೆದಿದ್ದೆ, ಗುಡ್ಡವನ್ನು ಬರೆದಿರಲಿಲ್ಲ. ಅತ್ತ ಹಾಸುಬಂಡೆಯ ಮೇಲೆ ಮೆಣಸಿನಕಾಯಿ ಇನ್ನೂ ಬಿಸಿಲಲ್ಲಿ ಫಳಫಳ ಹೊಳೆಯುತ್ತಿತ್ತು.

“ತಪ್ಪಾತ್ರಿ ಆಯಿ.”

“ಬ್ಯಾಸಗ್ಯಾಗ ಸೂರ್ಯ ಬೀಗರಂಗ, ಕುಂತ್ರ ಏಳಂಗಿಲ್ಲ. ಅದನ್ನ ನೋಡಿ ಮಳ್ಳಾದಿ ನೀ,” ಎಂದು ನಕ್ಕು ಮಜ್ಜಿಗೆ ಕೊಟ್ಟಳು.

ಬಂಡೆಯಿಂದ ಬೋರಿನ ತನಕ ಎಳೆಯಲು ದಪ್ಪ ವೈರು ತಂದೆ. ಅರ್ಧ ಬಂಡೆ ಮೆಣಸಿನಕಾಯಿಗೆ ಬಿಟ್ಟು, ಉಳಿದರ್ಧದ ಮೇಲೆ ಪ್ಯಾನೆಲ್‌ಗಳನ್ನೆಲ್ಲ ಕಿತ್ತು ತಂದು ಕೂಡಿಸಿದೆ. ಮೂರು ದಾಟಿತು, ನಾಲ್ಕು ದಾಟಿತು... ನೀರು ನಿಲ್ಲಲಿಲ್ಲ. ಕೊನೆಯ ಸಾಲಿಗೂ ಮುಟ್ಟಿತು! ಆಯಿ ಸೀರೆ ಎತ್ತಿ ಕಟ್ಟಿ, ಕೆಸರಲ್ಲೇ ನಿಂತು ಬಗಲಿನ ಹೊಲದವರನ್ನು ಕೂಗಿದಳು: “ಬರ್ರೆಪೋ, ಅರಳುಮರಳು ಮುದುಕಿ ಹೊಲ ನೋಡಬರ್ರಿ!”

ಆಮೇಲೆ ಬಾದಾಮಿ, ಇಳಕಲ್ಲು, ಹುನಗುಂದದ ಸುತ್ತ ಎಷ್ಟೋ ಹೊಲಗಳಿಗೆ ನೀರೆತ್ತಿಸಿದ್ದೇನೆ. ಯಾವ ಹೊಲಕ್ಕೆ ಹೋದರೂ, ಅಳತೆಪಟ್ಟಿ ಬಿಚ್ಚುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳುತ್ತೇನೆ: “ಚಳಿಗಾಲಕ್ಕ ಕಾಳುಕಡಿ ಎಲ್ಲಿ ಒಣಹಾಕ್ತೀರಿ?” ಒಂದು ಪಂಪೂ ಮತ್ತೆ ಹಗಲಲ್ಲಿ ಮಲಗಿಲ್ಲ.

ಮೊನ್ನೆ ಆಯಿಯ ಹೊಲಕ್ಕೆ ಹೋಗಿದ್ದೆ. ದಾಳಿಂಬೆ ಗಿಡಗಳು ಕಾಯಿಭಾರಕ್ಕೆ ಬಾಗಿವೆ. ಆಕೆಯನ್ನು ಅಲ್ಲೇ ಬದುವಿನ ಪಕ್ಕ ಮಣ್ಣು ಮಾಡಿದ್ದಾರೆ. ಸಂಜೆ ಐದಾದರೂ ನೀರು ಬರುತ್ತಲೇ ಇತ್ತು. “ನೋಡ್ರಿ ಆಯಿ!” ಎಂದೆ, ಕೇಳುವಷ್ಟು ಜೋರಾಗಿ.

ಚುಚ್ಚಿ ನಗಿಸುವ ಆ ಉತ್ತರ ಬರಲಿಲ್ಲ.