ಹೊಲ ಗುಡಿಸಿದ ಸೊಸೆ

ಕೃಷಿ ಇಲಾಖೆಯವರು ಬರುತ್ತಾರೆಂದು ನಾನು ಹೊಲ ಗುಡಿಸಿಬಿಟ್ಟೆ.

ಹೌದು, ಹೊಲವನ್ನೇ. ತೆಂಗಿನಕಡ್ಡಿ ಪೊರಕೆ ಹಿಡಿದು...

ನಾನು ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಯಾರಾದರೂ ಬರುತ್ತಾರೆ ಎಂದರೆ ಮೊದಲು ಪೊರಕೆ, ಆಮೇಲೆ ಕಾಫಿ. ಮದುವೆಯಾಗಿದ್ದು ಗರುಡಾಚಾರ್‌ಪಾಳ್ಯದ ಹಳೇ ರೈತರ ಮನೆಗೆ. ಅವರಿಗೆ ಈಗ ಉಳಿದಿರುವ ಹೊಲ ಕೆ.ಆರ್. ಪುರದ ಆಚೆಗಿನ ಅರ್ಧ ಎಕರೆ, ಮಿಕ್ಕಿದ್ದೆಲ್ಲ ಬಾಡಿಗೆ ಮನೆಗಳು.

ಅದನ್ನೂ ಗೋಡೌನ್‌ಗೆ ಕೊಡೋಣ ಎಂದು ನನ್ನ ಗಂಡನ ಹಟ. ರಾಸಾಯನಿಕ ಹಾಕದೆ, ಮಣ್ಣು ಕಾಪಾಡಿಕೊಂಡು ಬೆಳೆಯುವವರಿಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆಂದು ಮಾವ ಅರ್ಜಿ ಹಾಕಿದರು. ಮಂಜೂರಾದರೆ ಹೊಲ ಉಳಿಯುತ್ತದೆ, ಇಲ್ಲವಾದರೆ ಗೋಡೌನ್. ಇದು ಅಪ್ಪ ಮಗನ ಒಪ್ಪಂದ.

ತಪಾಸಣೆಯ ಹಿಂದಿನ ದಿನ ಹೋಗಿ ನೋಡುತ್ತೇನೆ, ಅವರೆ ಗಿಡಗಳ ಸಾಲುಗಳ ನಡುವೆ ಪಾದ ಮುಚ್ಚುವಷ್ಟು ಒಣ ಎಲೆ! ಪಾಪ, ಮಾವನಿಗೆ ಬಗ್ಗಲಾಗುತ್ತಿಲ್ಲ ಎಂದುಕೊಂಡೆ.

ಇಬ್ಬರು ಕೂಲಿ ಹೆಂಗಸರನ್ನು ಕರೆದು, ನಾನೂ ಸೇರಿ ಗುಡಿಸಿ, ಮೂಟೆ ಕಟ್ಟಿ ಕಸದ ಆಟೋಗೆ ಹಾಕಿಸಿದೆ. ಗೇಟಿನ ಮುಂದೆ ರಂಗೋಲಿ ಬೇರೆ.

ಮರುದಿನ ಅಧಿಕಾರಿ ಬಂದರು. ಬೋಳು ಮಣ್ಣು ನೋಡಿದರು, ಫಾರಂ ನೋಡಿದರು, ಮತ್ತೆ ಮಣ್ಣು ನೋಡಿದರು.

"ಮಣ್ಣಿನ ತೇವ ಉಳೀಲಿ ಅಂತ ಎಲೆ ಹೊದಿಕೆ ಮಾಡಿದೀನಿ ಅಂತ ಬರ್ದಿದೀರಲ್ಲಾ ಯಜಮಾನ್ರೇ, ಎಲ್ಲಿ?"

ಮಾವ ನನ್ನ ಕಡೆ ತಿರುಗಿದರು.

"ನಾನೇ ಗುಡಿಸಿದ್ದು ಸಾರ್... ನೀವು ಬರ್ತೀರಂತ," ಎಂದೆ. ಅಧಿಕಾರಿ ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡು, ಹತ್ತು ದಿನ ಬಿಟ್ಟು ಬರುವುದಾಗಿ ಹೇಳಿ ಹೋದರು.

ಅಲ್ಲಿಂದ ಶುರು ನನ್ನ ಪ್ರಾಯಶ್ಚಿತ್ತ. ನನ್ನ ಆಫೀಸು ಸಾಲುಮರಗಳ ಇಂದಿರಾನಗರದಲ್ಲಿ. ಬೆಳಿಗ್ಗೆ ಪೌರಕಾರ್ಮಿಕ ಅಕ್ಕಂದಿರು ರಸ್ತೆ ಬದಿ ಎಲೆ ಗುಡ್ಡೆ ಹಾಕುವ ಹೊತ್ತಿಗೆ ಗೋಣಿಚೀಲ ಹಿಡಿದು ಹಾಜರ್.

"ಕಾರಲ್ಲಿ ಬಂದು ಕಸ ತಗೊಂಡೋಗೋರ್ನ ಇವತ್ತೇ ನೋಡಿದ್ದು ಮೇಡಂ," ಎಂದು ಒಬ್ಬಾಕೆ ನಕ್ಕೂ ನಕ್ಕೂ ಸುಸ್ತಾದಳು.

ಸಂಜೆ ನಾನು ಸುರಿಯುವುದು, ಮಾವ ಹರಡುವುದು. ಗೊಣಗುತ್ತಲೇ ಗಂಡನೂ ಒಂದು ದಿನ ಚೀಲ ಹೊತ್ತ. ಕಾರಿನಲ್ಲಿ ಇವತ್ತಿಗೂ ಇರುವೆಗಳಿವೆ.

ಅಧಿಕಾರಿ ಮತ್ತೆ ಬಂದು, ಎಲೆ ಸರಿಸಿ, ಮಣ್ಣು ಮುಟ್ಟಿ ನೋಡಿ ತಲೆಯಾಡಿಸಿದರು. ಹೊಲದಲ್ಲಿ ರೈತರ ಫೋಟೋ ಬೇಕು ಎಂದಾಗ ಮಾವ ನನ್ನನ್ನೂ ಪಕ್ಕಕ್ಕೆ ಕರೆದರು. "ಬಾಮ್ಮಾ. ಕೈಯಾಗೆ ಪೊರಕೆ ಇಲ್ಲ ತಾನೇ?"

ನಿನ್ನೆ ಮಾವನ ಮೊಬೈಲಿಗೆ ಮೆಸೇಜ್ ಬಂತು. ‘ಮಾನ್ಯ ರೈತರೇ, ನಿಮ್ಮ ಅರ್ಜಿ ಮಂಜೂರಾಗಿದೆ.’

ಬಾಡಿಗೆಯವರ ಬಾಯಲ್ಲಿ ವರ್ಷಾನುಗಟ್ಟಲೆಯಿಂದ ಬರೀ ‘ಓನರ್ ಅಂಕಲ್’ ಆಗಿರುವ ಮಾವ, ಕನ್ನಡಕ ಹಾಕಿಕೊಂಡಿದ್ದರೂ ನನ್ನ ಕೈಯಲ್ಲೇ ಮೂರು ಸಲ ಓದಿಸಿದರು. ಎಷ್ಟು ಬರುತ್ತದೆಂದು ಕೇಳಲೇ ಇಲ್ಲ.

"ಮೊದ್ಲಿಂದ ಓದಮ್ಮಾ," ಎಂದರು ನಾಲ್ಕನೇ ಸಲ. "ಆ ಎರಡು ಪದ ಸಾಕು."

ನಿಮ್ಮ ಮನೆಯ ಹಿರಿಯರು ಏನೆಂದು ಕರೆಸಿಕೊಳ್ಳಲು ಕಾಯುತ್ತಿದ್ದಾರೆ, ಯಾವತ್ತಾದರೂ ಕೇಳಿದ್ದೀರಾ?