ತೆನೆ ಕಟ್ಟಿದ ರಾಗಿ ಮೇಲೆ

ನಲವತ್ತು ದಾಟಿದ ಮೇಲೆ ಪುಟ್ಟ ವಿಮಾನ ಓಡಿಸೋದು ಕಲಿಯೋಕೆ ಹೋದವಳು ನಾನು. ಒಂದು ಬೆಳಗ್ಗೆ ಗುಬ್ಬಿ ಊರಿನ ಮೇಲೆ ಹಾರ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಎಂಜಿನ್ ತಗ್ಗಿಸಿಬಿಟ್ಟರು.

“ಎಂಜಿನ್ ಕೆಟ್ಟಿದೆ ಅಂದ್ಕೊಳ್ಳಿ ಮೇಡಂ. ಎಲ್ಲಿ ಇಳಿಸ್ತೀರಿ?”

ಸದ್ದಡಗಿತು. ಮಂಜಿನೊಳಗಿಂದ ಕೆರೆ, ತೆಂಗಿನ ತೋಟ, ಹೊಲಗಳು ನಿದ್ದೆಗಣ್ಣಲ್ಲಿ ಕಂಡ ಹಾಗೆ ಮೆಲ್ಲಗೆ ಮೇಲೆ ತೇಲಿ ಬರ್ತಿದ್ದವು.

“ಆ ದೊಡ್ಡ ಹೊಲ ಸಮವಾಗಿದೆಯಲ್ಲ, ಇಳಿಸಿ!”

“ರಾಗಿ ತೆನೆ ಕಟ್ಟಿದೆ ಸರ್.”

“ನಿಮ್ಮ ಹೊಲಾನಾ?”

“ಯಾರದೋ ಗೊತ್ತಿಲ್ಲ.”

ಬೀಳು ಬಿಟ್ಟ ಹೊಲ ಹುಡುಕ್ತಾ ಹುಡುಕ್ತಾ, ತೆಂಗಿನ ಗರಿ ಎಣಿಸೋಷ್ಟು ಕೆಳಗೆ ಬಂದುಬಿಟ್ಟಿದ್ದೆ. ಮೇಷ್ಟ್ರೇ ಎಂಜಿನ್ ಏರಿಸಿ ಮೇಲಕ್ಕೆತ್ತಿದರು.

“ನಾವಿಬ್ರೂ ಸತ್ವಿ ಮೇಡಂ,” ಅಂದರು.

ರಾಗಿ ಉಳೀತಲ್ಲ ಅಂತ ನನಗೆ ಒಳಗೊಳಗೇ ಸಮಾಧಾನ. ಅದು ಅವರಿಗೂ ಗೊತ್ತಾಗಿರಬೇಕು. ಕೊಯ್ಲು ಮುಗಿಯೋ ತನಕ ನನ್ನನ್ನ ಒಬ್ಬಳೇ ಹಾರೋಕೆ ಬಿಡಲಿಲ್ಲ.