ಕಾಕಾನ ಪಥ್ಯ ಮತ್ತು ಅಗಸಿ ಚಟ್ನಿ

ಎಂಬತ್ತೊಂದೋ ಎಂಬತ್ತೆರಡೋ, ಇಸವಿ ಖಚಿತವಿಲ್ಲ. ಬೇರೆ ವಿವರಗಳೂ ಹಿಂದುಮುಂದಾಗಿರಬಹುದು. ಬಡೇಸೋಪಿನ, ಅಂದರೆ ಸೋಂಪುಕಾಳಿನ, ವಾಸನೆಯನ್ನು ಮಾತ್ರ ನಾನು ಕಲ್ಪಿಸಿಕೊಂಡಿಲ್ಲ.

ಬೆಳಗಾವಿಯಲ್ಲಿ ನಮ್ಮ ಕಾಕಾಗೆ ಹಾರ್ಟ್ ಅಟ್ಯಾಕ್ ಆಯಿತು. ಹಗುರ ಊಟ ಕೊಡಿ ಎಂದರು ಡಾಕ್ಟರು. ನಮ್ಮ ಕಡೆ ಹಗುರ ಎಂದರೇನು? ಬಿಳಿ ಅನ್ನ, ತಿಳಿಸಾರು, ಬ್ರೆಡ್ಡು. ಜೋಳದ ರೊಟ್ಟಿ ಭಾರ. ಶೇಂಗಾ ಚಟ್ನಿ, ಅಗಸಿ ಚಟ್ನಿಯಂತೂ ವೈರಿಗಳು. (ಡಾಕ್ಟರು ರೊಟ್ಟಿಯ ಹೆಸರು ಎತ್ತಿದ್ದರೇ? ನೆನಪಿಲ್ಲ.) ಕಾಕಾನ ಹೆಂಡತಿ, ನಮ್ಮ ಕಾಕು, ಚಟ್ನಿ ಡಬ್ಬಿಗಳನ್ನು ತೊಳೆದು ಬೋರಲು ಹಾಕಿದರು.

‘ನಾ ಏನ್ ಬಾಣಂತಿ ಏನ?’ ಕಾಕಾ ಗೊಣಗುತ್ತಿದ್ದರು.

‘ಬಾಣಂತಿ ಹೇಳಿದ ಮಾತ ಕೇಳ್ತಾಳ. ಸುಮ್ನ ಉಣ್ರಿ.’

ಚೇತರಿಸಿಕೊಂಡ ಮೇಲೆ ಕಾಕಾ ದಾರಿ ಹುಡುಕಿದರು. ಖಾನಾಪುರದಲ್ಲಿ ಅವರ ಅಕ್ಕ, ಅಂದರೆ ನನ್ನ ಅತ್ತೆ, ಇದ್ದರು. ರವಿವಾರ ಅಕ್ಕನನ್ನು ಕಾಣುವ ನೆಪ. ಕಾವಲಿಗೆ ನಾನು, ಎಂ.ಎ. ಓದುತ್ತಿದ್ದು ರಜೆಗೆ ಬಂದವಳು.

ಅತ್ತೆಯ ಮನೆಯಲ್ಲಿ ಬಿಸಿ ರೊಟ್ಟಿ, ಅಗಸಿ ಚಟ್ನಿ. ಕಾಕಾ ಕಣ್ಣು ಮುಚ್ಚಿ ತಿನ್ನುತ್ತಿದ್ದರು. ವಾಪಸ್ ಬರುವಾಗ ದೇಸೂರ ಸ್ಟೇಷನ್ನಿನಲ್ಲಿ ಕಾಕಾನ ಕಿಸೆಯಿಂದ ಬಡೇಸೋಪು ಹೊರಬರುತ್ತಿತ್ತು.

‘ನೀನೂ ಬಾಯಾಗ ಹಾಕ್ಕೋ. ಬೆಳ್ಳುಳ್ಳಿ ವಾಸನಿ ನಿಮ್ಮ ಕಾಕೂಗ ಇಲ್ಲಿಂದನ ಮುಟ್ಟತೈತಿ!’

ಮನೆಯಲ್ಲಿ ವಿಚಾರಣೆ. ‘ಏನ್ ಉಂಡ್ರಿ?’

‘ಅನ್ನ, ತಿಳಿಸಾರು. ಮತ್ತೇನ್ ಹಾಕ್ತಾಳ ಅಕಿ?’

ಕಾಕು ನನ್ನತ್ತ ನೋಡುತ್ತಿದ್ದರು. ನಾನು ಗೋಡೆಯತ್ತ.

ಕಾಕಾ ಆಮೇಲೂ ಬಹಳ ವರ್ಷ ಬದುಕಿದರು. ‘ನಾ ಬಾಯಿ ಕಟ್ಟಿಸಿದ್ದಕ್ಕ ಉಳದ್ರು’ ಎನ್ನುವುದು ಇವತ್ತಿಗೂ ಕಾಕುವಿನ ದೊಡ್ಡ ಹೆಮ್ಮೆ.

ಕಳೆದ ವಾರ ನನ್ನ ಬಿಪಿ ನೋಡಿದ ಡಾಕ್ಟರ್ ಹುಡುಗಿ ಹೇಳಿದಳು, ‘ಮೆಗ್ನೀಸಿಯಂ ಇರೂ ಊಟ ಮಾಡ್ರಿ ಮೇಡಂ. ಜ್ವಾಳಾ, ಕಾಳು, ಮೆಂತೆ, ಪಾಲಕದಂಥಾ ತಪ್ಪಲ ಪಲ್ಯ, ಶೇಂಗಾ, ಅಗಸಿ.’ ನನಗೆ ನಗು ತಡೆಯಲಾಗಲಿಲ್ಲ. ಅದರಲ್ಲಿ ಮೂರು ಕಾಕಾನ ತಾಟಿನಿಂದ ಎತ್ತಿಟ್ಟವುಗಳೇ! ಇಂಥದ್ದನ್ನು ಉಣ್ಣುವವರ ಮೈಯೊಳಗೆ ಉರಿಯೂತ ಕಡಿಮೆ ಕಾಣುತ್ತದಂತೆ, ಹೃದಯರೋಗದ ಅಪಾಯವೂ.

‘ಹಂಗಂದ್ರ ಅಗಸಿ ಹಾರ್ಟ್ ಕಾಯತೈತೇನು?’

‘ಸಂಬಂಧ ಕಾಣ್ತದ ರೀ. ಅದರಿಂದನ ಅಂತ ಹೇಳಾಕ ಬರೂದಿಲ್ಲ.’

ಹಾಗಾದರೆ ಕಾಕಾನನ್ನು ಉಳಿಸಿದ್ದು ಯಾವುದು? ಪಥ್ಯವೋ, ಕದ್ದು ತಿಂದ ಚಟ್ನಿಯೋ, ಔಷಧವೋ?

ಕಾಕು ಈಗ ಇರುವ ರಾಮತೀರ್ಥ ನಗರಕ್ಕೆ ಹೋಗಿ ಅವರಿಗೆ ಡಾಕ್ಟರರ ಮಾತು ಹೇಳಿದೆ. (ಹೇಳಬಾರದಿತ್ತೇನೋ.) ಅವರ ಮುಖ ಸಣ್ಣದಾಯಿತು. ‘ಹಂಗಾರ ನಾ ಬ್ಯಾಡ ಅಂದಿದ್ದು ತಪ್ಪಾತೇನವಾ?’

ಆಗಲೇ ಅತ್ತೆಯ ಮಾತೊಂದು ಹೊಳೆಯಿತು. ಚಟ್ನಿ ಕುಟ್ಟುತ್ತ ಅಂದಿದ್ದರು, ‘ನಮ್ಮನ್ಯಾಗ ಎಲ್ಲೀ ಅಗಸಿ? ತಮ್ಮನ ಚೀಲದಾಗನ ಬರತಾವ.’ ಹೌದು, ಅಂದಿದ್ದರು ಅಂತಲೇ ನನ್ನ ನೆನಪು. ಕಾಕಾ ಅಂದರೆ ತಮ್ಮ ಟವೆಲ್ ಎಲ್ಲಿದೆ ಎಂದೂ ತಿಳಿಯದ ಮನುಷ್ಯ.

ಚೀಲದಲ್ಲಿ ಅಗಸಿ ಇಡುತ್ತಿದ್ದವರು ಯಾರು ಎಂದು ಕೇಳಿಯೇ ಬಿಟ್ಟೆ. ಕಾಕು ಚಹಾ ಇಡುತ್ತೇನೆಂದು ಎದ್ದು ಹೋದರು. ಚಹಾ ತಂದವರು ‘ಸಕ್ಕರಿ ಸಾಕೇನ?’ ಎಂದರು.

‘ಕಾಕೂ, ರವಿವಾರಕ್ಕೊಮ್ಮೆ ಆ ಚೀಲಾ ತುಂಬತಿದ್ದಾಕಿ ನೀನ ಅಲ್ಲೇನ?’